ಎಂಟನೇ ನೆಲೆಯ ನೀರು

ನಮ್ಮ ಬೀದಿಯ ಫುಜಿ ಬೆಟ್ಟದ ಭಕ್ತರ ಕೂಟದಲ್ಲಿ ಇಪ್ಪತ್ತೆರಡು ಮನೆಗಳಿವೆ. ಪ್ರತಿ ವರ್ಷ ಬೇಸಿಗೆಗೆ ಮುಂಚೆ ಚೀಟಿ ಎತ್ತುತ್ತೇವೆ. ಯಾರ ಹೆಸರು ಬರುತ್ತದೋ ಅವರು ಎಲ್ಲರ ಪರವಾಗಿ ಬೆಟ್ಟ ಹತ್ತಿ, ಎಲ್ಲರ ಪರವಾಗಿ ಕೈಮುಗಿದು, ಶಿಖರದ ಚಿನ್ನದ ಚಿಲುಮೆಯಿಂದ ನೀರು ತುಂಬಿಕೊಂಡು ಬರಬೇಕು. ಒಬ್ಬ ಹತ್ತಿದರೆ ಇಪ್ಪತ್ತೆರಡು ಮನೆಯೂ ಹತ್ತಿದ ಹಾಗೆ. ಅಜ್ಜಂದಿರ ಕಾಲದಿಂದ ಬಂದ ಪದ್ಧತಿ ಇದು. ಹೋದವನು ಹತ್ತದೇ ಬಂದರೆ ಏನು ಗತಿ ಎಂದು ಅಜ್ಜಂದಿರು ಹೇಳಿಹೋಗಿಲ್ಲ. ಅಂಥವನು ಹುಟ್ಟುತ್ತಾನೆ ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಹೋದ ವರ್ಷ ಚೀಟಿ ಎದ್ದದ್ದು ನುಯಿ ಅಕ್ಕನ ಹೆಸರಿಗೆ. ಊರವರು ಕಾಸು ಕೊಟ್ಟು ಮೀಯಲು ಬರುವ ನನ್ನ ಸ್ನಾನದ ಮನೆಯ ಎದುರಿಗೇ ಅವಳ ಅಂಗಡಿ. ಮರದ ಪಾದುಕೆಗಳಿಗೆ ಬಟ್ಟೆಯ ಪಟ್ಟಿ ಹೊಲಿದು ಕೂರಿಸಿ ಕೊಡುತ್ತಾಳೆ. ನನಗಿಂತ ಮೂರು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ನನ್ನ ಕೈ ಹಿಡಿದು ಶಾಲೆಗೆ ಎಳೆದುಕೊಂಡು ಹೋದವಳು. ಇಬ್ಬರಿಗೂ ಐವತ್ತು ದಾಟಿದ ಮೇಲೂ 'ಮೂಗು ಒರೆಸ್ಕೋ' ಎನ್ನುವ ದನಿಯಲ್ಲೇ ಮಾತಾಡುತ್ತಾಳೆ. ಆ ಚಳಿಗಾಲದಲ್ಲಿ ಅವಳಿಗೆ ಕ್ಷಯ ಹಿಡಿದಿತ್ತು. ಒಂದೂವರೆ ವರ್ಷ ಬಿಡದೆ ಗುಳಿಗೆ ನುಂಗಬೇಕೆಂದು ವೈದ್ಯರು ಹೇಳಿದ್ದರು. ಮೂವತ್ತು ವರ್ಷ ಕೂಟದಲ್ಲಿದ್ದು ಮೊದಲ ಸಲ ಬಂದ ಚೀಟಿಯನ್ನು ಅವಳು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು.

"ನಂಗೆ ಅಟ್ಟ ಹತ್ತೋಕೇ ಉಸಿರಿಲ್ಲ ಕಣೋ ತೊಕು. ನನ್ನ ಬದಲು ನೀನು ಹೋಗಿ ಬಾ. ಬೇರೆ ಏನು ಮರೆತ್ರೂ ಚಿಲುಮೆ ನೀರು ಮರೀಬೇಡ. ಅದನ್ನ ಕುಡಿದ್ರೆ ಬದುಕ್ಕೋತೀನಿ ಅಂತ ನನ್ನ ಮನಸ್ಸು ಹೇಳ್ತಿದೆ."

"ತರ್ತೀನಿ ಅಕ್ಕ," ಎಂದೆ. ಆಗ ನಿಜವಾಗಿಯೂ ತರುವ ಮನಸ್ಸೇ ಇತ್ತು.

ಬುಡದಿಂದ ಶಿಖರದವರೆಗೆ ದಾರಿಯಲ್ಲಿ ಹತ್ತು ನೆಲೆಗಳು; ಎಂಟನೇ ನೆಲೆಯ ಛತ್ರ ಮುಟ್ಟುವವರೆಗೆ ನಾನು ಮರ್ಯಾದಸ್ಥನೇ. ಬಿಳಿ ಬಟ್ಟೆ ತೊಟ್ಟು, ಕೋಲಿನ ಗಂಟೆ ಆಡಿಸುತ್ತ, 'ರೊಕ್ಕೊನ್ ಶೋಜೋ, ಆರೂ ಇಂದ್ರಿಯ ಶುದ್ಧವಾಗಲಿ' ಎಂದು ಕೂಗುತ್ತ, ಒಂದೊಂದು ಛತ್ರದಲ್ಲೂ ಕಾದ ಕಬ್ಬಿಣದ ಮುದ್ರೆಯನ್ನು ಕೋಲಿಗೆ ಒತ್ತಿಸಿಕೊಂಡು ಹತ್ತಿದೆ. ಎಂಟರಲ್ಲಿ ರೇಡಿಯೊ ಇತ್ತು. ನಗೋಯಾದಿಂದ ಸುಮೊ ಕುಸ್ತಿ ಬರುತ್ತಿತ್ತು. ಪಕ್ಕದಲ್ಲಿ ಚೋಶಿಯ ಮೀನು ವ್ಯಾಪಾರಿಯೊಬ್ಬ ಸಾಕೆ ಮದ್ಯದ ಸೀಸೆ ಬಿಚ್ಚಿಕೊಂಡು ಕೂತಿದ್ದ. ಆ ಎತ್ತರದಲ್ಲಿ ಒಂದು ಬಟ್ಟಲು ಮೂರು ಬಟ್ಟಲಿನ ಕೆಲಸ ಮಾಡುತ್ತದೆ. ನಾನು ಆರು ಕುಡಿದೆ.

ಸೂರ್ಯೋದಯಕ್ಕೆ ಶಿಖರ ಸೇರಬೇಕೆಂದು ಎಲ್ಲರೂ ಎದ್ದು ಹೊರಟಾಗ ನನ್ನ ತಲೆ ಸಿಡಿಯುತ್ತಿತ್ತು. ಹೊದಿಕೆಯೊಳಗಿಂದಲೇ ಕೈ ಚಾಚಿ ನನ್ನ ಕೋಲನ್ನು ಮೀನಿನವನಿಗೆ ಕೊಟ್ಟು, "ಮೇಲಿನ ಮುದ್ರೆ ಒತ್ತಿಸ್ಕೊಂಡು ಬಂದ್ಬಿಡಿ" ಎಂದೆ. ಅಕ್ಕನ ಬದಲಿಗೆ ನಾನು, ನನ್ನ ಬದಲಿಗೆ ಮೀನಿನವನು. ಇಪ್ಪತ್ತೆರಡು ಮನೆಯನ್ನು ಒಬ್ಬ ಹೊರಬಹುದಾದರೆ ಇನ್ನೊಬ್ಬನನ್ನು ಸೇರಿಸಿದರೆ ಭಾರವೇ ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡು ಮಗ್ಗುಲು ಬದಲಿಸಿದೆ. ಚಿಲುಮೆಯ ನೀರಿಗೆಂದು ಒಯ್ದಿದ್ದ ಬಾಟಲಿ ಕೊಡಲು ಮರೆತೆ. ಅದು ನನ್ನ ತಲೆಯ ಕೆಳಗಿನ ಗಂಟಿನಲ್ಲೇ ಇತ್ತು.

ಬೆಳಗ್ಗೆ ಮೀನಿನವನು ಮುದ್ರೆಯೊತ್ತಿದ ಕೋಲು ತಂದುಕೊಟ್ಟು, ನಕ್ಕು, ಇಳಿದು ಹೋದ. ಬಾಟಲಿ ಖಾಲಿ. ಮೇಲಕ್ಕೆ ಇನ್ನೆರಡು ಗಂಟೆಯ ದಾರಿ ಅಷ್ಟೆ. ತಲೆನೋವೂ ಇಳಿದಿತ್ತು. ಹತ್ತಬಹುದಿತ್ತು. ಈ ಮಾತನ್ನು ನನಗೆ ನಾನು ಎಷ್ಟು ಸಲ ಹೇಳಿಕೊಂಡಿದ್ದೇನೋ. ಹತ್ತಲಿಲ್ಲ. ಛತ್ರದ ಹಿಂದೆ ತಗಡಿನ ಸೂರಿನಿಂದ ಮಳೆನೀರು ಬಂದು ಬೀಳುವ ಪೀಪಾಯಿಯೊಂದಿತ್ತು. ಅದರಿಂದ ಬಾಟಲಿ ತುಂಬಿಸಿ ಬಿರಡೆ ಒತ್ತಿದೆ. ಛತ್ರದ ಒಡತಿ ಪಾತ್ರೆ ತೊಳೆಯುತ್ತ ನೋಡಿದಳು.

ಆ ಸೂರಿನ ಮೇಲೆ ಒಲೆಯ ಹೊಗೆಕೊಳವೆ ಇದೆ. ಮಸಿಯೆಲ್ಲ ನೀರಿಗೇ ಇಳಿಯುತ್ತದೆ. ನುಯಿ ಅಕ್ಕ ಮೊದಲ ಗುಟುಕು ಕುಡಿದು ಕಣ್ಣು ಮುಚ್ಚಿದಳು. "ಹೊಗೆ ವಾಸನೆ ಕಣೋ! ಬೆಟ್ಟದ ಒಳಗಿನ ಬೆಂಕಿ ಇದು!" ಎಂದಳು. ಇಪ್ಪತ್ತೆರಡು ಮನೆಯೂ ಒಂದೊಂದು ಚಮಚ ಕುಡಿದು ಹೌದು ಹೌದು, ಬೆಂಕಿಯೇ ಎಂದಿತು. ಉಳಿದದ್ದನ್ನು ಅಕ್ಕ ದಿನಕ್ಕೊಂದು ಹನಿಯಂತೆ ಇಟ್ಟುಕೊಂಡು ಕುಡಿದಳು. ಮಳೆಗಾಲ ಕಳೆದು ಎಲೆ ಕೆಂಪಾಗುವ ಹೊತ್ತಿಗೆ ಅವಳ ಕೆಮ್ಮು ನಿಂತಿತ್ತು.

ಅಲ್ಲಿಂದ ಶುರುವಾಯಿತು ನನ್ನ ಶಿಕ್ಷೆ. ದಿನಾ ಬೆಳಗ್ಗೆ ಅಂಗಡಿಯ ಬಾಗಿಲು ತೆರೆದ ಕೂಡಲೇ ಅವಳು ನನ್ನ ಕಡೆ ತಿರುಗಿ ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದಳು. ನನ್ನ ಸ್ನಾನದ ಮನೆಯ ಗೋಡೆ ತುಂಬ ಫುಜಿಯ ಚಿತ್ರವಿದೆ. ಅದರ ಕೆಳಗೆ ಕುತ್ತಿಗೆವರೆಗೆ ಬಿಸಿನೀರಿನಲ್ಲಿ ಮುಳುಗಿ ಕೂತ ಮುದುಕರು, "ತೊಕು ಎಲ್ಲಿವರೆಗೆ ಹತ್ತಿದ್ದಪ್ಪ, ತೋರಿಸು" ಎನ್ನುತ್ತಿದ್ದರು. ನಾನು ಸೌದೆ ತರುವ ನೆಪದಲ್ಲಿ ಹಿತ್ತಲಿಗೆ ಹೋಗುತ್ತಿದ್ದೆ. ಚಳಿಗಾಲದಲ್ಲಿ ಅಕ್ಕಿ ಅಂಗಡಿಯ ಗಿನ್ಜಿ ಅಜ್ಜ ಸಾಯಲು ಮಲಗಿದಾಗ ನುಯಿ ಅಕ್ಕ ತನ್ನ ಬಾಟಲಿಯ ತಳದ ನೀರನ್ನು ಬಟ್ಟಲಿಗೆ ಬಗ್ಗಿಸಿ ತಂದಳು. ತಂದವನ ಕೈಯಿಂದಲೇ ಆಗಲಿ ಎಂದರು. ನಾನು ಹತ್ತಿಯನ್ನು ಅದ್ದಿ ಅವನ ತುಟಿಗೆ ಒತ್ತಿದೆ. ಸೂರಿನ ನೀರು ಕುಡಿದು ಅಜ್ಜ ನಗುನಗುತ್ತಲೇ ಹೋದ. ಅವನ ಹೆಂಡತಿ ಆ ಬಟ್ಟಲನ್ನು ಮನೆಯ ಬುದ್ಧನ ಗೂಡಿನಲ್ಲಿಟ್ಟು ಪೂಜೆ ಮಾಡುತ್ತಿದ್ದಾಳೆ.

ಇಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಸಾಯುತ್ತಿದ್ದೆನೋ ಏನೋ. ವಸಂತದಲ್ಲಿ ಅಕ್ಕ ಗುಳಿಗೆ ನಿಲ್ಲಿಸಿದಳು. "ಬೆಟ್ಟ ವಾಸಿ ಮಾಡಿದೆ, ಆ ಡಾಕ್ಟ್ರು ಹೆಸರು ತಗೊಳೋದ್ಯಾಕೆ?" ಎಂದು ನಗುತ್ತಿದ್ದಳು. ಆ ವೈದ್ಯರು ನನ್ನಲ್ಲಿಗೇ ಸ್ನಾನಕ್ಕೆ ಬರುವವರು. ಬೇರೆ ಯಾರದೋ ವಿಷಯ ಎನ್ನುವಂತೆ ಕೇಳಿದೆ. ನಡುವೆ ಬಿಟ್ಟರೆ ರೋಗ ಮರಳುತ್ತದೆ, ಆಮೇಲೆ ಅದೇ ಗುಳಿಗೆ ನಾಟುವುದಿಲ್ಲ ಎಂದರು. ಅವತ್ತೇ ರಸ್ತೆ ದಾಟಿ ಹೇಳಬೇಕಿತ್ತು. ದಾಟಲು ಹನ್ನೆರಡು ಹೆಜ್ಜೆ. ನಾಲ್ಕು ತಿಂಗಳಾದರೂ ದಾಟಲಿಲ್ಲ.

ಈ ಜುಲೈಯಲ್ಲಿ ಅವಳೇ ದಾಟಿ ಬಂದಳು. "ಹರಕೆ ತೀರಿಸ್ಬೇಕು. ನಾನೇ ಹತ್ತುತೀನಿ. ದಾರಿ ಗೊತ್ತಿರೋನು ನೀನು, ನಡಿ," ಎಂದಳು. ಬೇಡವೆನ್ನಲು ನನ್ನಲ್ಲಿ ಯಾವ ಕಾರಣವಿತ್ತು?

ರಸ್ತೆಯಾದ ಮೇಲೆ ಬಸ್ಸು ಐದನೇ ನೆಲೆಯವರೆಗೂ ಹೋಗುತ್ತದೆ. ಅಲ್ಲಿಂದ ನಾವು ಬಸವನಹುಳುವಿನ ನಡಿಗೆಯಲ್ಲಿ ಹತ್ತಿದೆವು. ಆರರವರೆಗೆ ಗಿಡಮರ, ಆಮೇಲೆ ಬರೀ ಕರಿ ಮರಳು, ಸುಟ್ಟ ಇಟ್ಟಿಗೆಯ ಚೂರಿನಂಥ ಕಲ್ಲು. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಅಕ್ಕ ಹೊಸ ಕೋಲಿನ ಗಂಟೆ ಅಲ್ಲಾಡಿಸುತ್ತ, ಅರ್ಧ ಉಸಿರಿನಲ್ಲೇ ನನ್ನನ್ನು ಕೆಣಕುತ್ತ ಬಂದಳು.

"ಕೂಗೋ, ರೊಕ್ಕೊನ್ ಶೋಜೋ! ಕಣ್ಣು, ಕಿವಿ, ಮೂಗು, ನಾಲಿಗೆ... ಯಾಕೋ ನಾಲಿಗೆಗೆ ಬಂದಾಗೆಲ್ಲಾ ಉಗುಳು ನುಂಗ್ತೀಯ?"

"ಧೂಳು ಅಕ್ಕ."

"ಧೂಳಂತೆ! ಹೋದ ವರ್ಷ ಧೂಳಿರ್ಲಿಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಕೋಲಿನ ಹಳೆಯ ಮುದ್ರೆಯ ಮೇಲೆ ಹೋಯಿತು. ಅವಳು ಆಗಲೇ ಮುಂದೆ ಹೋಗಿದ್ದಳು. ತಿರುವಿನಲ್ಲಿ ನಿಂತು, ಬೆನ್ನು ತಿರುಗಿಸಿ, ಕೈವಸ್ತ್ರವನ್ನು ಬಾಯಿಗೆ ಹಿಡಿದು ಕೆಮ್ಮಿದಳು. ಮಡಿಸಿ ಅಂಗಿಯ ತೋಳಿನೊಳಗೆ ತುರುಕಿದಳು. ನಾನು ನೋಡಿದ್ದನ್ನು ಅವಳು ನೋಡಿದಳು.

"ಧೂಳು," ಎಂದಳು.

ಏಳನೇ ನೆಲೆಯಲ್ಲಿ ತಂಗಿದೆವು. ಮರುದಿನ ಎದ್ದವಳು, ಚಿಲುಮೆಯ ನೀರು ನಾಲಿಗೆ ಮುಟ್ಟುವವರೆಗೆ ಬೇರೆ ನೀರು ಮುಟ್ಟುವುದಿಲ್ಲ ಎಂದು ಪಟ್ಟು ಹಿಡಿದಳು. ಬಂಡೆಗಳನ್ನು ಕೈಯೂರಿ ಹತ್ತುವ ಜಾಗ ಅದು. ಅವಳ ತುಟಿ ಬಿರಿದಿತ್ತು. ಎಂಟರ ಛತ್ರ ಸೇರುವ ಹೊತ್ತಿಗೆ ಅವಳ ಮುಖ ಅಕ್ಕಿಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಹೊಸ್ತಿಲ ಮೇಲೆ ಕುಸಿದು ಕೂತಳು.

ಒಳಗಿಂದ ಒಡತಿ ಬಂದವಳು ನನ್ನನ್ನು ನೋಡಿ ಮುಖವರಳಿಸಿದಳು. "ಓಹೋ, ಸುಮೊ ಯಜಮಾನ್ರು! ಬನ್ನಿ ಬನ್ನಿ, ಈ ಸಲಾನೂ ರೇಡಿಯೊ ಹಾಕ್ಲಾ?"

"ಏನು ಸುಮೊ?" ಎಂದಳು ಅಕ್ಕ.

"ಇವರಿಗೆ ಬೋಳುತಲೆಯವರೆಲ್ಲ ಒಂದೇ ಥರ ಕಾಣ್ತಾರೆ," ಎಂದೆ. ಒಡತಿ ನನ್ನನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ ಒಳಗೆ ಹೋದಳು.

ಅಕ್ಕ ಗೋಡೆಗೆ ಒರಗಿ ಬಹಳ ಹೊತ್ತು ಕಣ್ಣು ಮುಚ್ಚಿದ್ದಳು. ಆಮೇಲೆ ಹೇಳಿದಳು: "ನನ್ನ ಕೈಲಿ ಆಗಲ್ಲ ತೊಕು. ಮತ್ತೆ ನೀನೇ ಹೋಗ್ಬೇಕು. ಪಾಪ, ನಿಂಗೆ ಎರಡು ಸಲ ಶ್ರಮ." ಬಾಟಲಿ ಕೊಟ್ಟಳು. ಜೊತೆಗೆ, ಪಾದುಕೆಯ ಪಟ್ಟಿಯ ಬಟ್ಟೆಯಲ್ಲೇ ಹೊಲಿದ ಪುಟ್ಟ ಚೀಲವೊಂದನ್ನು ಕೊಟ್ಟಳು. ಒಳಗೆ ಏನೋ ಗಲಗಲ ಎಂದಿತು.

"ಉಳಿದ ಗುಳಿಗೆ. ಇನ್ನು ನಂಗೆ ಬೇಡ ಅಂತ ಹೇಳಿ ಬೆಟ್ಟದ ಬಾಯೊಳಗೆ ಎಸೆದು ಬಾ. ಹರಕೆ ಅಂದ್ಕೊಂಡಿದ್ದು ಅದೇ."

"ಅಕ್ಕ, ಡಾಕ್ಟ್ರು..."

"ಡಾಕ್ಟ್ರು ಬೆಟ್ಟಕ್ಕಿಂತ ದೊಡ್ಡೋರಾ? ನಡಿ, ಮೋಡ ಬರೋದ್ರೊಳಗೆ."

ಹೀಗೆ ನಾನು ಮೊದಲ ಸಲ ಎಂಟನೇ ನೆಲೆಯನ್ನು ದಾಟಿದೆ. ಅದರಾಚೆಯ ದಾರಿ ನನಗೂ ಗೊತ್ತಿರಲಿಲ್ಲ. ಕೆಂಪು ಜಲ್ಲಿಯ ಇಳಿಜಾರಿನಲ್ಲಿ ಅಡ್ಡಡ್ಡ ಎಳೆದ ಗೆರೆಗಳ ಹಾಗೆ ಹಾದಿ. ಹತ್ತು ಹೆಜ್ಜೆಗೊಮ್ಮೆ ನಿಂತೆ. ಕಷ್ಟವೇನಿಲ್ಲ ನಿಜವಾಗಿ, ಹಗ್ಗ ಬೇಡ, ಕೊಕ್ಕೆ ಬೇಡ, ಕಾಲಿದ್ದರೆ ಸಾಕು. ನನ್ನ ಮುಂದೆ ಎಪ್ಪತ್ತರ ಮುದುಕಿಯೊಬ್ಬಳು ಗುನುಗುತ್ತ ಹತ್ತುತ್ತಿದ್ದಳು. ಇಷ್ಟು ದಾರಿಗೆ ಹೋದ ವರ್ಷ ನಾನು ಸೋಮಾರಿಯಾದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯ ಬಂದು, ಒಂದು ಕಡೆ ಕೂತು ಅತ್ತೇಬಿಟ್ಟೆ. ಮುದುಕಿ ಹಿಂತಿರುಗಿ, "ಎತ್ತರಕ್ಕೆ ಹಾಗಾಗತ್ತೆ, ಶುಂಠಿ ಅಗೀರಿ," ಎಂದು ಒಂದು ತುಂಡು ಕೊಟ್ಟಳು.

ಮಧ್ಯಾಹ್ನಕ್ಕೆ ಕಲ್ಲು ಮೆಟ್ಟಿಲು, ಎರಡು ಕಲ್ಲಿನ ಸಿಂಹ, ಗುಡಿ. ಕೋಲು ಕೊಟ್ಟೆ. ಅರ್ಚಕ ತಿರುಗಿಸಿ ನೋಡಿ, "ಹೋದ ವರ್ಷದ್ದು ಆಗಲೇ ಇದೆಯಲ್ಲ, ಎರಡನೇ ಸಲವೇ? ಪುಣ್ಯವಂತರು," ಎಂದ. ಪಕ್ಕದಲ್ಲೇ ಇನ್ನೊಂದು ಮುದ್ರೆ ಒತ್ತಿದ. ಮರ ಸುಟ್ಟ ವಾಸನೆ ಬಂತು. ಎರಡೂ ಒಂದೇ ಥರ ಕಾಣುತ್ತಿದ್ದವು.

ಬೆಟ್ಟದ ಬಾಯಿಯ ಅಂಚಿನಲ್ಲೇ ನಡೆದು ಚಿಲುಮೆಗೆ ಹೋದೆ. ಅಲ್ಲಿದ್ದ ಸೇವಕ ಸೌಟಿನಿಂದ ನನ್ನ ಬಾಟಲಿಗೆ ಹುಯ್ದ. ಕಣ್ಣೀರಿನಷ್ಟು ತಿಳಿಯಾದ, ಕೈ ಕೊರೆಯುವಷ್ಟು ತಣ್ಣನೆಯ ನೀರು. ಬಿರಡೆ ಒತ್ತಿ ಅಂಚಿಗೆ ಬಂದು ನಿಂತೆ. ಕೆಳಗೆ ಇಡೀ ಒಂದು ಪೇಟೆಯನ್ನು ನುಂಗುವಂಥ ಗುಂಡಿ. ನೆರಳಿನಲ್ಲಿ ಇನ್ನೂ ಹಿಮ. ಚೀಲವನ್ನು ಕೈಗೆ ತೆಗೆದುಕೊಂಡೆ.

ಎಸೆದರೆ ಎಲ್ಲ ಸಲೀಸು. ನಿಜವಾದ ನೀರು ಈಗ ನನ್ನಲ್ಲಿದೆ. ಅವಳು ಕುಡಿಯುತ್ತಾಳೆ, ಬಗ್ಗಿ ನಮಸ್ಕರಿಸುತ್ತಾಳೆ. ಹೋದ ವರ್ಷದ ಸುಳ್ಳು ಈ ವರ್ಷದ ನಿಜದ ಕೆಳಗೆ ಮುಚ್ಚಿಹೋಗುತ್ತದೆ. ಕೆಮ್ಮಿದರೆ ಧೂಳು. ಸತ್ತರೆ ವಿಧಿ. ಅವಳ ತುಟಿಗೂ ನಾನೇ ಒದ್ದೆ ಹತ್ತಿ ಒತ್ತುತ್ತೇನೆ. ಅದು ಕಣ್ಣಿಗೆ ಕಟ್ಟಿದ ಕೂಡಲೇ ಚೀಲವನ್ನು ನಡುಪಟ್ಟಿಯೊಳಗೆ ಸಿಕ್ಕಿಸಿ, ಜಲ್ಲಿಯಲ್ಲಿ ಜಾರುತ್ತ, ಬೀಳುತ್ತ ಇಳಿದೆ.

ಅಕ್ಕ ಹೊಸ್ತಿಲಲ್ಲೇ ಕಾಯುತ್ತಿದ್ದಳು. ಬಾಟಲಿಯನ್ನು ಹಣೆಗೆ ಮುಟ್ಟಿಸಿ, ಬಿರಡೆ ತೆಗೆದು, ಬಾಯಿ ತುಂಬ ಕುಡಿದಳು. ನುಂಗಲಿಲ್ಲ. ಬಾಯಲ್ಲಿ ಆಡಿಸಿದಳು. ಹುಬ್ಬು ಗಂಟಾಯಿತು. ಆಮೇಲೆ ನುಂಗಿದಳು.

"ಇದಲ್ಲ," ಎಂದಳು.

"ಏನು ಇದಲ್ಲ?"

"ಇದಲ್ಲ ಕಣೋ ಆ ನೀರು. ಬೆಂಕಿ ಎಲ್ಲಿ? ಹೊಗೆ ಎಲ್ಲಿ? ಇದು ಬರೀ ಸಪ್ಪೆ ನೀರು." ಅವಳ ಕಣ್ಣು ಸಣ್ಣಗಾದವು. ಶಾಲೆಯ ದಾರಿಯಲ್ಲಿ ನಾನು ಕದ್ದ ಪರ್ಸಿಮನ್ ಹಣ್ಣು ಹುಡುಕುತ್ತಿದ್ದ ಕಣ್ಣು. "ನೀನು ಮೇಲೆ ಹೋಗಿಲ್ಲ. ಯಾವ್ದೋ ಬಂಡೆ ಹಿಂದೆ ಮಲಗಿದ್ದು ಯಾರ ಬಾಟ್ಲಿಯಿಂದ್ಲೋ ಹುಯ್ಕೊಂಡು ಬಂದಿದೀಯ."

"ಹೋಗಿದ್ದೆ ಅಕ್ಕ! ನೋಡು, ಮುದ್ರೆ ನೋಡು!"

"ಮುದ್ರೆ ಯಾರು ಬೇಕಾದ್ರೂ ಒತ್ತಿಸ್ಕೊಂಡು ಬರ್ತಾರೆ, ಕೋಲು ಕೊಟ್ಟು ಕಳ್ಸಿದ್ರೆ ಆಯ್ತು."

ಜನ್ಮದಲ್ಲಿ ಒಂದು ಸಲ ನಿಜವಾಗಿ ಹತ್ತಿ ಬಂದಿದ್ದೇನೆ, ಅವತ್ತೇ ಸುಳ್ಳುಗಾರನೆನ್ನುತ್ತಿದ್ದಾಳೆ. ಹೌದು ಅಕ್ಕ, ಹೋಗಲಿಲ್ಲ ಎಂದುಬಿಟ್ಟರೂ ಆಗುತ್ತಿತ್ತು. ಬೈಯುತ್ತಿದ್ದಳು, ಬೀದಿಯೆಲ್ಲ ನಗುತ್ತಿತ್ತು, ಹೋದ ವರ್ಷದ ನೀರು ಮಾತ್ರ ಪವಿತ್ರವಾಗಿಯೇ ಉಳಿಯುತ್ತಿತ್ತು. ಅವಳು ಅದನ್ನೇ ನಂಬಿಕೊಂಡು ಸಾಯುತ್ತಿದ್ದಳು. ನಾನು ಜಗಲಿಯ ಮೇಲೆ ಮಂಡಿಯೂರಿ ಹಣೆಯನ್ನು ಹಲಗೆಗೆ ಹಚ್ಚಿದೆ.

"ಇವತ್ತು ಹೋಗಿದ್ದೆ ಅಕ್ಕ. ಹೋದ ವರ್ಷ ಹೋಗಿರ್ಲಿಲ್ಲ."

ಎಲ್ಲ ಹೇಳಿದೆ. ಸುಮೊ, ಸಾಕೆ, ಮೀನಿನವನು, ಪೀಪಾಯಿ. ಗುಳಿಗೆಯ ಚೀಲವನ್ನು ತೆಗೆದು ಅವಳ ಮುಂದಿಟ್ಟು, ವಾಸಿ ಮಾಡಿದ್ದು ಇದು ಎಂದೆ. ತಲೆಯೆತ್ತುವ ಧೈರ್ಯವಿರಲಿಲ್ಲ. ಅವಳು ಒಡತಿಯನ್ನು ಕರೆಯುವುದು ಕೇಳಿಸಿತು.

"ತಾಯಿ, ಒಂದು ಲೋಟ ನೀರು ಕೊಡಿ. ಪೀಪಾಯಿದು. ಕಾಯಿಸ್ಬೇಡಿ."

ಕುಡಿದಳು. ಲೋಟ ಹಲಗೆಗೆ ತಾಗಿದ ಸದ್ದಾಯಿತು.

"ಹೂಂ. ಇದೇ," ಎಂದಳು.

ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಮೆಲ್ಲಗೆ ಹೇಳಿದಳು: "ಗಿನ್ಜಿ ಅಜ್ಜನ ತುಟಿಗೆ ಒತ್ತುವಾಗ ನಿನ್ನ ಕೈ ನಡುಗ್ತಿತ್ತು. ಪಾಪ, ಎಷ್ಟು ಪ್ರೀತಿ ಇವನಿಗೆ ಅಂದ್ಕೊಂಡೆ."

"ಊರಿಗೆ ಹೋದ ಕೂಡ್ಲೇ ಕೂಟ ಸೇರಿಸ್ತೀನಿ ಅಕ್ಕ. ಎಲ್ಲರ ಮುಂದೆ ಹೇಳ್ತೀನಿ. ಎಲ್ಲರ ಕಾಲಿಗೂ ಬೀಳ್ತೀನಿ."

"ಹೇಳ್ತೀಯಾ?" ಈಗ ಅವಳ ದನಿ ಏರಿತು. "ಹೇಳಿ ಹಗುರ ಆಗ್ತೀಯಾ? ಆ ಮುದುಕಿ ದಿನಾ ಬಟ್ಟಲಿಗೆ ಕೈ ಮುಗೀತಾಳೆ. ನಿನ್ನ ಗಂಡನ ಬಾಯಿಗೆ ಬಿಟ್ಟಿದ್ದು ಮಸಿ ನೀರು ಅಂತ ಅವಳಿಗೆ ಹೇಳ್ತೀಯಾ? ಎಂಬತ್ತು ವರ್ಷದೋಳು ಆ ಮಾತು ಕಟ್ಕೊಂಡು ಏನು ಮಾಡ್ಬೇಕು ಹೇಳು!"

ನಾನು ಹಣೆಯನ್ನು ಹಲಗೆಗೆ ಇನ್ನಷ್ಟು ಒತ್ತಿದೆ.

"ನಂಗೆ ಹೇಳಿದ್ದು ಸರಿ ಮಾಡ್ದೆ. ನನ್ನ ಜೀವ ಅದು. ಅಲ್ಲಿಗೇ ನಿಲ್ಸು. ಇವತ್ತಿಂದ ನಾನು ಗುಳಿಗೆ ನುಂಗ್ತೀನಿ, ನೀನು ಮಾತು ನುಂಗು. ಸಾಯೋವರೆಗೂ." ಚೀಲವನ್ನು ತೋಳಿನೊಳಗೆ ಇಟ್ಟುಕೊಂಡು ಕೋಲು ಹಿಡಿದು ಎದ್ದಳು. ಇಳಿಯುವಾಗ ದಾರಿಯುದ್ದಕ್ಕೂ ನನ್ನನ್ನು ಮುಂದೆ ಹೋಗಲು ಬಿಡಲಿಲ್ಲ, ಕೈ ಕೊಟ್ಟರೆ ಹಿಡಿಯಲೂ ಇಲ್ಲ.

ಮೂರನೆಯ ದಿನ ಸಂಜೆ ನನ್ನ ಸ್ನಾನದ ಮನೆಯ ಮುಂಗೋಣೆಯಲ್ಲಿ ಇಪ್ಪತ್ತೆರಡು ಮನೆಯವರು ಸೇರಿದರು. ನೀರು ತಂದ ಮೇಲೆ ಹಂಚಲೇಬೇಕು. ಅಕ್ಕ ಒಬ್ಬೊಬ್ಬರ ಬಟ್ಟಲಿಗೂ ಒಂದೊಂದು ಚಮಚ ಹಾಕುತ್ತ ಬಂದಳು. ಎಲ್ಲರೂ ಕುಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ಷೌರಿಕ ತುಟಿ ಚಪ್ಪರಿಸಿ, "ಈ ಸಲ ಬೆಟ್ಟಕ್ಕೆ ಯಾಕೋ ಸಿಟ್ಟು ಕಮ್ಮಿ," ಎಂದ.

ಗಿನ್ಜಿ ಅಜ್ಜನ ಹೆಂಡತಿ ಕೋಲೂರಿಕೊಂಡು ನನ್ನ ಹತ್ತಿರ ಬಂದು, ಎರಡೂ ಕೈಯಿಂದ ನನ್ನ ಕೈ ಹಿಡಿದಳು.

"ಬೇಜಾರು ಮಾಡ್ಕೋಬೇಡಪ್ಪ ತೊಕು. ಆದ್ರೆ ಹೋದ ವರ್ಷ ನೀನು ತಂದಿದ್ದು ಇತ್ತಲ್ಲ, ನಿಜವಾದ ನೀರು ಅಂದ್ರೆ ಅದು. ಅಲ್ವಾ?"

ಅವಳ ಭುಜದಾಚೆ ನುಯಿ ಅಕ್ಕ ಚಮಚ ಹಿಡಿದು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

"ಹೌದು ಅಜ್ಜಿ," ಎಂದೆ.